ನಡುನೀರಿನಲ್ಲಿ ಉಸಿರು ಕಟ್ಟುವ ಗಾಡಿ

ಆರೋಗ್ಯ ಕೇಂದ್ರದ ಸ್ಟೋರ್ ಗುಮಾಸ್ತನಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು. ಆದರೆ ಅದು ಹಾಜರಿ ಪುಸ್ತಕದ ಆಚೆ ಎಲ್ಲೂ ಬದುಕಿರಲಿಲ್ಲ. ಊರಿಗೆಲ್ಲ ಅವನು ಗೊತ್ತಪ್ಪ. ಯಾರು ಏನು ಹೇಳಲು ಬಂದರೂ ಅವರ ಮಾತು ಅರ್ಧ ದಾರಿಗೆ ಬರುವಷ್ಟರಲ್ಲಿ "ಗೊತ್ತು, ಗೊತ್ತು" ಎಂದು ತಲೆಯಾಡಿಸುವುದು ಅವನ ರೂಢಿ. ಅದರಲ್ಲಿ ದುರುದ್ದೇಶವೇನೂ ಇರಲಿಲ್ಲ. ಗೊತ್ತಿಲ್ಲ ಎಂದರೆ ಎದುರಿನವರು ಕುರ್ಚಿ ಎಳೆದುಕೊಂಡು ಕೂತು ವಿವರಿಸುತ್ತಾರೆ, ಗೊತ್ತು ಎಂದರೆ ಎದ್ದು ಹೋಗುತ್ತಾರೆ. ಇಷ್ಟೇ ಅವನು ಬದುಕಿನಿಂದ ಕಲಿತ ಪಾಠ. ಹದಿನಾರು ವರ್ಷದ ನೌಕರಿಯಲ್ಲಿ ಆ ಒಂದು ಪದ ಅವನನ್ನು ಎಷ್ಟೋ ಮಾತುಗಳಿಂದ ಕಾಪಾಡಿತ್ತು. ಕೈಕೊಟ್ಟದ್ದು ಒಂದು ಸೋಮವಾರ, ಬೆಳಿಗ್ಗೆ ಹನ್ನೊಂದೂವರೆಗೆ.

ಆಗ ಅವನು ಹತ್ತಿಯ ಕಟ್ಟುಗಳನ್ನು ಎಣಿಸುತ್ತಿದ್ದ. ನರ್ಸಮ್ಮ ಒಳಗೆ ಬಂದರು. ಸೊಂಟದಿಂದ ಕೆಳಗೆ ಪೂರ್ತಿ ಒದ್ದೆ. ತಲೆಯ ಮೇಲೆ ಲಸಿಕೆಯ ಪೆಟ್ಟಿಗೆ, ಒಂದು ಕೈಯಲ್ಲಿ ಚಪ್ಪಲಿ.

"ಇವತ್ತೂ ನಿಂತುಹೋಯ್ತು ಸಾರ್."

"ಗೊತ್ತು," ಎಂದ ಗೊತ್ತಪ್ಪ. ಇಪ್ಪತ್ತೆಂಟು, ಇಪ್ಪತ್ತೊಂಬತ್ತು.

ನಿಂತುಹೋದದ್ದು ಇಲಾಖೆಯ ಗಾಡಿ. ಹೋದ ಮಳೆಗಾಲದಲ್ಲಿ ಹೊಳೆಯ ಸೇತುವೆ ಕೊಚ್ಚಿಹೋದ ಮೇಲೆ, ಆಚೆ ದಡದ ನಲವತ್ತಮೂರು ಮನೆಗಳಿಗೆ ಔಷಧಿ ಮುಟ್ಟಿಸಲೆಂದು ಬಂದಿತ್ತು. ಕಾಗದಪತ್ರದಲ್ಲಿ ಅದರ ಹೆಸರು ಎಟಿವಿ. ಬೈಕಿನಂಥ ಹ್ಯಾಂಡಲ್, ಬೈಕಿನಂಥ ಸೀಟು, ಕೆಳಗೆ ಮಾತ್ರ ಟ್ರ್ಯಾಕ್ಟರಿನ ಮರಿಗಳಂಥ ನಾಲ್ಕು ದಪ್ಪ ಚಕ್ರ. ಗುಡ್ಡ ಹತ್ತುತ್ತಿತ್ತು, ಕೆಸರು ತುಳಿಯುತ್ತಿತ್ತು, ಕಲ್ಲುಗಳ ಮೇಲೆ ಕುಣಿಯುತ್ತಿತ್ತು. ಹೊಳೆಗೆ ಇಳಿಸಿದರೆ ಮಾತ್ರ ಸರಿಯಾಗಿ ನಡುಮಧ್ಯಕ್ಕೆ ಹೋಗಿ, ಎರಡು ಸಲ ಕೆಮ್ಮಿ, ನಿಂತುಬಿಡುತ್ತಿತ್ತು. ಹೊಳೆ ದಾಟಲೆಂದೇ ತರಿಸಿದ ಗಾಡಿಗೆ ಹೊಳೆಯೊಂದನ್ನು ಬಿಟ್ಟು ಮಿಕ್ಕ ಎಲ್ಲವೂ ಒಗ್ಗಿತ್ತು.

"ತಳ್ಳಿ ತಳ್ಳಿ ನನ್ನ ಸೊಂಟ ಬಿದ್ದುಹೋಗಿದೆ. ಯಾಕೆ ಹೀಗಾಗುತ್ತೆ ಅಂತ ಈ ಊರಲ್ಲಿ ಯಾರಿಗಾದ್ರೂ..."

"ಗೊತ್ತು, ಗೊತ್ತು." ಮೂವತ್ತು.

ನರ್ಸಮ್ಮ ಪೆಟ್ಟಿಗೆಯನ್ನು ನಿಧಾನವಾಗಿ ಮೇಜಿನ ಮೇಲಿಟ್ಟರು. "ನಿಮಗೆ ಗೊತ್ತಾ?"

"ಗೊತ್ತು ಸಿಸ್ಟರ್." ಮೂವತ್ತೊಂದು.

"ಸರಿ ಮಾಡೋದೂ ಗೊತ್ತಾ?"

"ಹ್ಞೂಂ."

ಮೂವತ್ತೆರಡನೆಯ ಕಟ್ಟಿಗೆ ಅವನು ತಲೆಯೆತ್ತಿದಾಗ ನರ್ಸಮ್ಮ ಇರಲಿಲ್ಲ. ನೆಲದ ಮೇಲೆ ಅವರ ಒದ್ದೆ ಹೆಜ್ಜೆಗಳು ಮಾತ್ರ ಇದ್ದವು, ಮತ್ತು ಅವು ನೆಟ್ಟಗೆ ಡಾಕ್ಟರ ಕೋಣೆಯ ಕಡೆ ಹೋಗಿದ್ದವು.

ಹತ್ತು ನಿಮಿಷದಲ್ಲಿ ಕರೆ ಬಂತು. ಡಾಕ್ಟರು ಕುರ್ಚಿಯಿಂದ ಎದ್ದು ನಿಂತು ಅವನನ್ನು ಬರಮಾಡಿಕೊಂಡರು. ಹದಿನಾರು ವರ್ಷದಲ್ಲಿ ಅವರು ಅವನಿಗಾಗಿ ಎದ್ದು ನಿಂತದ್ದು ಅದೇ ಮೊದಲು.

"ಏನ್ರೀ ನೀವು! ಪಕ್ಕದ ರೂಮಲ್ಲೇ ಕೂತ್ಕೊಂಡು ಒಂದು ಮಾತು ಹೇಳಿಲ್ವಲ್ರೀ! ನೋಡಿ, ಈ ಗಾಡಿ ನೀರಲ್ಲಿ ನಿಲ್ಲುತ್ತೆ, ವಾಪಸ್ ಕಳಿಸಿ ಅಂತ ಮೇಲಿಂದ ಪತ್ರ ಬಂದಿತ್ತು. ಈಗ ತಾನೇ ಮೇಲಧಿಕಾರಿ ಮೇಡಂಗೆ ಫೋನ್ ಮಾಡಿದೆ. ನಮ್ಮಲ್ಲೇ ಒಬ್ಬರು ಪರಿಣತರು ಇದ್ದಾರೆ ಮೇಡಂ, ರಿಪೇರಿ ಮಾಡಿಸ್ತೀವಿ ಅಂದೆ."

"ಸಾರ್, ಅದು ಹಾಗಲ್ಲ, ನಾನು ಹೇಳಿದ್ದು..."

"ಗೊತ್ತು, ಗೊತ್ತು," ಎಂದರು ಡಾಕ್ಟರು. "ಹೇಳ್ಕೊಳ್ಳೋಕೆ ಸಂಕೋಚ. ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಮೇಡಂ ಖುದ್ದಾಗಿ ಬರ್ತಾರೆ. ಗಾಡಿ ಹೊಳೆ ದಾಟಿದ್ರೆ ಇಲ್ಲೇ ಇರುತ್ತೆ. ದಾಟದಿದ್ರೆ ಅವತ್ತೇ ಲಾರಿಗೆ ಹಾಕ್ಕೊಂಡು ಹೋಗ್ತಾರೆ. ಆಮೇಲೆ ನಮ್ಮ ಸಿಸ್ಟರಿಗೆ ಹದಿನೆಂಟು ಕಿಲೋಮೀಟರ್ ಸುತ್ತು, ಕಾಲ್ನಡಿಗೆ."

ಬಾಗಿಲ ಬಳಿ ನರ್ಸಮ್ಮ ನಿಂತಿದ್ದರು. ಸೀರೆಯ ಅಂಚು ಹಿಂಡುತ್ತಾ ಅವನನ್ನು ನೋಡಿದ ರೀತಿ ಹೇಗಿತ್ತೆಂದರೆ, ನಿಜ ಹೇಳಲು ಬಾಯಿ ತೆರೆದ ಗೊತ್ತಪ್ಪ ಒಂದು ಆಕಳಿಕೆ ತೆಗೆದು ಬಾಯಿ ಮುಚ್ಚಿಕೊಂಡ.

ಸಂಜೆ ಮನೆಯಲ್ಲಿ ಹೆಂಡತಿ ವಿಷಯ ಕೇಳಿ ಮೊದಲು ನಕ್ಕಳು. ಆಮೇಲೆ ಗಂಡನ ಮುಖ ನೋಡಿ ನಗು ನಿಲ್ಲಿಸಿದಳು.

"ನೀವಾ? ಗ್ಯಾಸ್ ಸಿಲಿಂಡರ್ ಬದಲಾಯಿಸೋಕೆ ಪಕ್ಕದ ಮನೆಯವರನ್ನ ಕರೀತೀರಲ್ರೀ!"

"ಶುಕ್ರವಾರ ರಜಾ ಹಾಕಿಬಿಡ್ಲಾ? ಜ್ವರ ಅಂತ?"

"ಜ್ವರ ಅಂದ್ರೆ ನಿಮ್ಮನ್ನ ಎಲ್ಲಿಗೆ ಕರ್ಕೊಂಡು ಹೋಗ್ತಾರೆ? ಅದೇ ಆಸ್ಪತ್ರೆಗೆ. ಯಾರು ನೋಡ್ತಾರೆ? ಅದೇ ಡಾಕ್ಟರು." ಅವಳು ಗೋಡೆಯ ಕಡೆ ನೋಡುತ್ತಾ ಹೇಳಿದಳು, "ನಮ್ಮಣ್ಣನ್ನ ಕೇಳಿ."

ಗೊತ್ತಪ್ಪನೂ ಗೋಡೆಯ ಕಡೆ ನೋಡಿದ. ಹೆಂಡತಿಯ ಅಣ್ಣ ಊರಿನ ಇನ್ನೊಂದು ತುದಿಯಲ್ಲಿ ಮೆಕ್ಯಾನಿಕ್. ಕೈಗುಣದವನೆಂದು ಹೆಸರಾದವನು. ಆದರೆ ಹನ್ನೊಂದು ತಿಂಗಳಿಂದ ಭಾವನಿಗೂ ಇವನಿಗೂ ಮಾತಿಲ್ಲ. ಹೋದ ವರ್ಷ ಭಾವ ವರ್ಕ್‌ಶಾಪಿಗೆ ಹೊಸ ನೆಲ ಹಾಕಿಸಿ ನೆಂಟರನ್ನೆಲ್ಲ ಕರೆದಿದ್ದ. ಅಲ್ಲಿ ನಿಂತಿದ್ದ ಜೀಪೊಂದರ ಕೆಳಗೆ ಗೊತ್ತಪ್ಪ ಬಗ್ಗಿ, "ಇದೇನು ಅಂತ ಗೊತ್ತು" ಎನ್ನುತ್ತಾ ಒಂದು ಬೋಲ್ಟು ತಿರುಗಿಸಿದ್ದ. ಇಂಜಿನ್ನಿನ ಆಯಿಲ್ ಅಷ್ಟೂ ಹೊಸ ನೆಲದ ಮೇಲೆ ಹರಿದು, ಹಾರ ಹಿಡಿದು ನಿಂತಿದ್ದ ಅತಿಥಿಗಳ ಕಾಲಡಿಗೆ ಹೋಗಿತ್ತು. ಇಬ್ಬರು ಜಾರಿ ಬಿದ್ದಿದ್ದರು. ಒಬ್ಬರು ಭಾವನ ಅತ್ತೆ.

"ಬೇಡ," ಎಂದ ಗೊತ್ತಪ್ಪ. "ನಾನೇ ನೋಡ್ತೀನಿ."

ಅಂದು ಅವನಿಗೆ ಊಟ ಸೇರಲಿಲ್ಲ.

ಮಂಗಳವಾರ ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಎದುರುಮನೆಯ ಅಜ್ಜಿ ಅವನ ಬಾಗಿಲಲ್ಲಿ ನಿಂತಿದ್ದಳು. ಪಕ್ಕದಲ್ಲಿ ಕೈಗಾಡಿ, ಅದರ ಮೇಲೆ ಕಂಬಳಿ ಸುತ್ತಿದ ದೊಡ್ಡದೊಂದು ಪೆಟ್ಟಿಗೆ.

"ನೀನು ಟಿವಿ ರಿಪೇರಿ ಮಾಡ್ತೀಯಂತೆ? ಊರೆಲ್ಲ ಅದೇ ಮಾತು. ನನಗೆ ಒಂದು ಮಾತು ಹೇಳಬಾರದಾಗಿತ್ತಾ?"

"ಟಿವಿ ಅಲ್ಲ ಅಜ್ಜಿ, ಎಟಿವಿ."

"ಏ ಟಿವಿ ಅನ್ನು, ಬಾ ಟಿವಿ ಅನ್ನು, ಎಲ್ಲಾ ಒಂದೇ. ಅದು ನೀರಲ್ಲಿ ನಿಂತುಹೋಗುತ್ತಂತಲ್ಲ? ನಂದು ಒಣ ಜಾಗದಲ್ಲೇ ನಿಂತಿದೆ. ನಿನಗೆ ಇನ್ನೂ ಸುಲಭ."

ವಾದಕ್ಕೆ ಅವನಲ್ಲಿ ತ್ರಾಣವಿರಲಿಲ್ಲ. ಟಿವಿಯನ್ನು ಒಳಗೆ ಇಳಿಸಿಕೊಂಡ. ಊರೆಲ್ಲ ಅದೇ ಮಾತು ಎಂಬ ಮಾತು ಮಾತ್ರ ದಾರಿಯುದ್ದಕ್ಕೂ ಅವನ ಬೆನ್ನಿಗೆ ಅಂಟಿಕೊಂಡು ಬಂತು. ಕ್ಷೌರಿಕ ಕತ್ತರಿ ಎತ್ತಿ ಸಲಾಮು ಹೊಡೆದ. ಅಂಗಡಿಯವನು "ಶುಕ್ರವಾರ ಅಂಗಡಿ ಮುಚ್ಚಿ ಬರ್ತೀವಿ ಸಾರ್, ನೋಡೋಕೆ" ಎಂದ. ಗೊತ್ತಪ್ಪ ನಡಿಗೆ ಜೋರು ಮಾಡಿದ.

ಆ ದಿನವೆಲ್ಲ ಅವನು ಗಾಡಿಯ ಜೊತೆ ಬಂದಿದ್ದ ಪುಸ್ತಕ ಬಿಡಿಸಿಕೊಂಡು ಕೂತ. ಅದು ಯಾವ ದೇಶದ ಭಾಷೆಯಲ್ಲಿತ್ತೋ ಏನೋ, ಅಕ್ಷರಗಳು ಮುರಿದ ಕಿಟಕಿಗಳಂತೆ ಕಂಡವು. ಒಂದು ಚಿತ್ರದಲ್ಲಿ ಗಾಡಿ ನೀರಿನಲ್ಲಿತ್ತು, ಅದರ ಮೇಲೆ ಕೆಂಪು ಗೀಟು. ನೀರಿಗೆ ಇಳಿಸಬೇಡಿ ಎಂದೋ, ಕೆಂಪು ಗೀಟಿನವರೆಗೆ ಇಳಿಸಿ ಎಂದೋ, ಅದನ್ನು ಹೇಳುವವರಿಲ್ಲ. ಸಂಜೆಯ ಹೊತ್ತಿಗೆ ಅವನು ಸ್ವಂತ ಬುದ್ಧಿಯಿಂದ ಒಂದು ತೀರ್ಮಾನಕ್ಕೆ ಬಂದ. ಹೊಗೆಯ ಕೊಳವೆ ಹಿಂದೆ ಬಾಯಿ ತೆರೆದುಕೊಂಡಿದೆ. ಬಾಯಿ ತೆರೆದುಕೊಂಡು ನೀರಿಗಿಳಿದರೆ ಯಾರಾದರೂ ನೀರು ಕುಡಿಯುತ್ತಾರೆ. ಬಾಯಿ ಮುಚ್ಚಬೇಕು.

ಮುಚ್ಚಲು ಬೇಕಾದದ್ದು ಅವನ ಸ್ಟೋರಿನಲ್ಲೇ ಇತ್ತು. ಬುಧವಾರ ಬೆಳಿಗ್ಗೆ ಆಸ್ಪತ್ರೆಯ ಅಂಗಳದಲ್ಲಿ, ಚೀಟಿ ಹಿಡಿದು ಸಾಲಿನಲ್ಲಿ ನಿಂತ ಮೂವತ್ತು ರೋಗಿಗಳ ಎದುರು, ಅವನು ಏಳನೇ ಸೈಜಿನ ರಬ್ಬರ್ ಕೈಗವಸು ತಂದು ಹೊಗೆಕೊಳವೆಗೆ ತೊಡಿಸಿದ. ಸುತ್ತ ಅಂಟುಪಟ್ಟಿ ಬಿಗಿದ. "ಸ್ಟಾರ್ಟ್ ಮಾಡಿ ಸಿಸ್ಟರ್."

ಇಂಜಿನ್ ಗುಡುಗಿತು. ಕೈಗವಸು ಮೊದಲು ಒಂದು ಬೆರಳು ಎತ್ತಿತು, ಆಮೇಲೆ ಎರಡು, ಆಮೇಲೆ ಐದೂ ಬೆರಳು ಬಿಚ್ಚಿಕೊಂಡು ದೊಡ್ಡ ಹಸ್ತವಾಗಿ ನಿಂತು ಅತ್ತಿತ್ತ ಬೀಸತೊಡಗಿತು. ಸಾಲಿನಲ್ಲಿದ್ದ ಮುದುಕನೊಬ್ಬ ಕಣ್ಣು ಕಿರಿದಾಗಿಸಿ ನೋಡಿ, "ನಮಸ್ಕಾರಪ್ಪಾ, ಚೆನ್ನಾಗಿದ್ದೀಯಾ?" ಎಂದು ತಿರುಗಿ ಕೈಬೀಸಿದ. ಹಸ್ತ ಕುಂಬಳಕಾಯಿಯಷ್ಟಾಯಿತು. ಜನ ಎರಡು ಹೆಜ್ಜೆ ಹಿಂದೆ ಸರಿದರು. ಇಂಜಿನ್ ಉಸಿರು ಕಟ್ಟಿ ನಡುಗಿತು. ಅಷ್ಟರಲ್ಲಿ ಅಂಟುಪಟ್ಟಿ ಕಿತ್ತು, ಕೈಗವಸು ಸುಂಯ್ ಎಂದು ಹಾರಿ, ಡಾಕ್ಟರ ಕಿಟಕಿಯ ಸರಳಿಗೆ ಛಟೀರ್ ಎಂದು ಅಪ್ಪಳಿಸಿ ಜೋತುಬಿತ್ತು.

ಡಾಕ್ಟರು ಹೊರಗೆ ಬಂದರು. "ಇದು ಪರೀಕ್ಷೆಯ ಭಾಗವಾ?"

"ಹೌದು ಸಾರ್. ಹೊಗೆಯ ಒತ್ತಡ ನೋಡ್ತಿದ್ದೆ."

"ಎಷ್ಟಿದೆ?"

"ಏಳನೇ ಸೈಜಿಗಿಂತ ಜಾಸ್ತಿ ಇದೆ ಸಾರ್."

ಡಾಕ್ಟರು ಮೆಚ್ಚಿ ತಲೆದೂಗಿ ಒಳಗೆ ಹೋದರು. ನರ್ಸಮ್ಮ ಹೋಗಲಿಲ್ಲ. ಗಾಡಿ ಆರಿಸಿ, ಸೀಟಿನಿಂದ ಇಳಿಯದೆ, ತಗ್ಗಿದ ದನಿಯಲ್ಲಿ ಹೇಳಿದರು, "ಸಾರ್, ಆಚೆ ದಡದಲ್ಲಿ ಏಳು ಜನ ಬಸುರಿಯರಿದ್ದಾರೆ. ಸಕ್ಕರೆ ಕಾಯಿಲೆಯವರು ಒಂಬತ್ತು ಜನ. ನಾನು ಅವರಿಗೆಲ್ಲ ಗಾಡಿ ಸರಿಯಾಗುತ್ತೆ ಅಂತ ಹೇಳಿಬಿಟ್ಟಿದ್ದೀನಿ. ನಿಮ್ಮನ್ನ ನಂಬಿ."

ಗೊತ್ತಪ್ಪನಿಗೆ ಆ ಕ್ಷಣ ಆಚೆ ದಡದ ನಲವತ್ತಮೂರು ಮನೆಗಳೂ ತನ್ನ ಎದೆಯ ಮೇಲೆ ಬಂದು ಕೂತಂತಾಯಿತು. ಮಧ್ಯಾಹ್ನ ಅವನು ಹತ್ತಿಯ ಕಟ್ಟುಗಳನ್ನು ಮೂರು ಸಲ ಎಣಿಸಿದ. ಮೂರು ಸಲವೂ ಬೇರೆ ಬೇರೆ ಸಂಖ್ಯೆ ಬಂತು.

ಗುರುವಾರ ಅವನು ಅರ್ಧ ದಿನ ರಜೆ ಹಾಕಿ, ಹೆಂಡತಿಯನ್ನು ಮುಂದೆ ಬಿಟ್ಟುಕೊಂಡು, ಭಾವನ ವರ್ಕ್‌ಶಾಪಿಗೆ ಹೋದ. ನೆಲದ ಮೇಲೆ ಆಯಿಲ್‌ನ ಕಲೆ ಇನ್ನೂ ಇತ್ತು, ಒಂದು ದೇಶದ ನಕಾಶೆಯಷ್ಟು ದೊಡ್ಡದು. ಅವನು ಅದನ್ನು ಬಳಸಿಕೊಂಡು ಹೋಗಿ ಒಂದು ಟೈರಿನ ಹಿಂದೆ ನಿಂತ.

ಭಾವ ಬೈಕಿನ ಚೈನು ಬಿಗಿಯುತ್ತಿದ್ದ. ತಲೆಯೆತ್ತಲಿಲ್ಲ. "ಯಾಕೆ ಬಂದಿದ್ದಾರಂತೆ, ಕೇಳು ತಂಗಿ."

"ಆ ಗಾಡಿ ನೀರಲ್ಲಿ ನಿಲ್ಲುತ್ತಲ್ಲ ಅಣ್ಣ, ಅದಕ್ಕೆ."

"ಅದು ಅವರಿಗೆ ಗೊತ್ತಂತಲ್ಲ. ಊರೆಲ್ಲ ಹೇಳ್ತಿದೆ. ಯಾಕೆ ನಿಲ್ಲುತ್ತೆ ಅಂತ ಗೊತ್ತಾ, ಕೇಳು."

ಹೆಂಡತಿ ತಿರುಗಿದಳು. "ಗೊತ್ತಾ, ರೀ?"

ಗೊತ್ತಪ್ಪನ ನಾಲಿಗೆ ಅಭ್ಯಾಸಬಲದಿಂದ ಹಳೆಯ ಜಾಗಕ್ಕೇ ಹೋಗಿ ನಿಂತಿತು. ಅದನ್ನು ಅಲ್ಲಿಂದ ಎಬ್ಬಿಸಲು ಅವನಿಗೆ ಒಂದು ಪೂರ್ತಿ ನಿಮಿಷ ಬೇಕಾಯಿತು.

"ಗೊತ್ತಿಲ್ಲ," ಎಂದ.

ಭಾವನ ಕೈಯಿಂದ ಸ್ಪ್ಯಾನರು ಠಣಾರನೆ ಬಿತ್ತು. "ಏನಂದ್ರು?"

"ಗೊತ್ತಿಲ್ಲ ಅಂದ್ರು ಅಣ್ಣ."

"ಇನ್ನೊಂದ್ಸಲ ಹೇಳೋಕೆ ಹೇಳು."

"ಗೊತ್ತಿಲ್ಲ ಭಾವ. ನನಗೆ ಏನೂ ಗೊತ್ತಿಲ್ಲ. ಹೊಟ್ಟೆಗೆ ಅನ್ನ ಹೋಗಿ ಮೂರು ದಿನ ಆಯ್ತು."

ಭಾವ ಸ್ಪ್ಯಾನರನ್ನು ಎತ್ತಿಕೊಂಡು ಒರೆಸಿದ. ಸಿಟ್ಟು ಇಳಿದಿರಲಿಲ್ಲ. ಆದರೆ ಒಳ್ಳೆಯ ಮೆಕ್ಯಾನಿಕ್ಕಿಗೆ ಕೆಟ್ಟ ಗಾಡಿಯ ಸುದ್ದಿ ಕೇಳಿ ಸುಮ್ಮನಿರುವುದು ಸಾಧ್ಯವಿಲ್ಲ. "ನಡುನೀರಲ್ಲಿ ನಿಂತದ್ದನ್ನ ದಡಕ್ಕೆ ತಳ್ಳಿದ ಮೇಲೆ, ಎಷ್ಟು ಹೊತ್ತಿಗೆ ಸ್ಟಾರ್ಟ್ ಆಗುತ್ತೆ, ಕೇಳು."

"ತಕ್ಷಣ," ಎಂದ ಗೊತ್ತಪ್ಪ. "ಒಂದೇ ಸಲಕ್ಕೆ. ನರ್ಸಮ್ಮ ಹೇಳಿದ್ರು."

"ಹಾಗಾದ್ರೆ ಇಂಜಿನ್ ನೀರು ಕುಡಿದಿಲ್ಲ, ಕುಡಿದಿದ್ರೆ ಅಷ್ಟು ಬೇಗ ಏಳ್ತಿರಲಿಲ್ಲ. ಪ್ಲಗ್ ಒದ್ದೆ ಆಗಿದ್ರೂ ಒಣಗೋಕೆ ಹೊತ್ತು ಬೇಕು. ಇದು ಉಸಿರು ಕಟ್ಟೋ ಕೇಸು." ಭಾವ ನೀರಿನ ಬಾಟಲಿಯ ಮುಚ್ಚಳಕ್ಕೆ ಮೊಳೆಯಿಂದ ಒಂದು ತೂತು ಹೊಡೆದು, ತಳಕ್ಕೆ ಇನ್ನೊಂದು ಹೊಡೆದು, ತಳದ ತೂತನ್ನು ಹೆಬ್ಬೆರಳಿಂದ ಒತ್ತಿ ತಲೆಕೆಳಗೆ ಹಿಡಿದ. ಎರಡು ಹನಿ ಬಿದ್ದು ನೀರು ನಿಂತಿತು. ಹೆಬ್ಬೆರಳು ತೆಗೆದ, ಧಾರೆ ಸುರಿಯಿತು. "ಕಾರ್ಬುರೇಟರಿನಿಂದ ಒಂದು ಸಣ್ಣ ರಬ್ಬರ್ ಕೊಳವೆ ಕೆಳಗೆ ಜೋತುಬಿದ್ದಿರುತ್ತೆ. ಅದರ ಮೂಲಕ ಗಾಳಿ ಬಂದ್ರೆ ಮಾತ್ರ ಪೆಟ್ರೋಲ್ ಇಳಿಯುತ್ತೆ. ಗಾಡಿ ಆಳಕ್ಕೆ ಹೋದಾಗ ಕೊಳವೆಯ ತುದಿ ನೀರಲ್ಲಿ ಮುಳುಗುತ್ತೆ. ಗಾಳಿ ಇಲ್ಲ, ಪೆಟ್ರೋಲ್ ಇಲ್ಲ, ಇಂಜಿನ್ ಇಲ್ಲ. ಆ ಕೊಳವೆ ಕಿತ್ತು, ಉದ್ದದ್ದು ಹಾಕಿ, ತುದಿಯನ್ನ ಹ್ಯಾಂಡಲ್ ಹತ್ರ ಎತ್ತರಕ್ಕೆ ಕಟ್ಟಬೇಕು. ಅಷ್ಟೇ."

"ಅಷ್ಟೇನಾ?" ಗೊತ್ತಪ್ಪನ ಕಣ್ಣು ತುಂಬಿ ಬಂತು.

"ಅಷ್ಟು ಸಣ್ಣ ಕೊಳವೆ ನನ್ನ ಹತ್ರ ಇಲ್ಲ. ತರಿಸೋಕೆ ಒಂದು ವಾರ."

ಗೊತ್ತಪ್ಪ ತಲೆಯ ಮೇಲೆ ಕೈ ಹೊತ್ತು, ಸ್ಟೋರಿನ ಕಪಾಟುಗಳನ್ನೆಲ್ಲ ಮನಸ್ಸಿನಲ್ಲೇ ತೆರೆದು ತೆರೆದು ನೋಡಿದ. ಎಡಗಡೆ, ಮೂರನೇ ಹಲಗೆ, ಹಿಂದುಗಡೆ. "ಭಾವ! ಡ್ರಿಪ್ ಪೈಪು? ಅವಧಿ ಮುಗಿದದ್ದು ಒಂದು ಡಬ್ಬ ತುಂಬ ಇದೆ!"

ಭಾವ ಮೊದಲ ಸಲ ಅವನ ಮುಖ ನೋಡಿದ, ನೋಡಿ ತಂಗಿಗೆ ಹೇಳಿದ, "ಪೆಟ್ರೋಲಿಗೆ ಅದು ಬೇಗ ಗಟ್ಟಿಯಾಗುತ್ತೆ. ಒಂದು ತಿಂಗಳು ಬರಬಹುದು. ಅಷ್ಟರಲ್ಲಿ ಸರಿಯಾದ್ದು ತರಿಸ್ತೀನಿ. ನಾಳೆ ಎಂಟು ಗಂಟೆಗೆ ಬರ್ತೀನಿ ಅನ್ನು."

ಶುಕ್ರವಾರ ಹತ್ತಕ್ಕೆ ಹೊಳೆಯ ದಡದಲ್ಲಿ ಜನವೋ ಜನ. ಅಂಗಡಿಯವನು ಅಂಗಡಿ ಮುಚ್ಚಿ ಬಂದಿದ್ದ. ಎದುರುಮನೆಯ ಅಜ್ಜಿ ಸ್ಟೂಲು ಹಾಕಿಕೊಂಡು ಕೂತಿದ್ದಳು. ಮೇಲಧಿಕಾರಿ ಮೇಡಂ ಬೂಟು ಹಾಕಿಕೊಂಡು, ಹಲಗೆಗೆ ಕಾಗದ ಸಿಕ್ಕಿಸಿಕೊಂಡು ಬಂದಿಳಿದರು. ಹಿಂದೆಯೇ ಒಂದು ಖಾಲಿ ಲಾರಿ. ಆ ಲಾರಿಯನ್ನು ಕಂಡು ಗೊತ್ತಪ್ಪ ಭಾವನ ಬೆನ್ನ ಹಿಂದೆ ಸರಿದ.

ಮೇಡಂ ಗಾಡಿಯ ಸುತ್ತ ಒಂದು ಸುತ್ತು ಬಂದರು. ಸೀಟಿನ ಕೆಳಗಿಂದ ಹೊರಟ ಪಾರದರ್ಶಕ ಕೊಳವೆ ಮೇಲೇರಿ ಹ್ಯಾಂಡಲ್ಲಿನ ಕನ್ನಡಿ ಕಂಬಕ್ಕೆ ಬ್ಯಾಂಡೇಜು ಬಟ್ಟೆಯಿಂದ ಕಟ್ಟಿಸಿಕೊಂಡಿತ್ತು.

"ಇದಕ್ಕೆ ಯಾಕ್ರೀ ಡ್ರಿಪ್ ಹಾಕಿದ್ದೀರಾ?"

"ಸ್ವಲ್ಪ ನಿಶ್ಶಕ್ತಿ ಇತ್ತು ಮೇಡಂ," ಎಂದರು ಡಾಕ್ಟರು, ಗಾಬರಿಯಲ್ಲಿ.

ನರ್ಸಮ್ಮ ಹೊರಟರು. ನೀರು ಚಕ್ರ ಮುಚ್ಚಿತು, ಕಾಲಿಡುವ ಜಾಗ ಮುಚ್ಚಿತು. ನಡುಮಧ್ಯ ಬಂತು. ಗೊತ್ತಪ್ಪ ಕಣ್ಣು ಮುಚ್ಚಿಕೊಂಡ. ಕೆಮ್ಮು ಕೇಳಿಸಿತು, ಒಂದು. ಅದು ಪಕ್ಕದಲ್ಲಿದ್ದ ಅಂಗಡಿಯವನದು. ಇಂಜಿನ್ನಿನ ಸದ್ದು ಹಾಗೇ ಸಾಗಿತು, ಸಾಗಿ ದೂರವಾಯಿತು. ಜನ ಹೋ ಎಂದಾಗ ಕಣ್ಣು ಬಿಟ್ಟರೆ ಗಾಡಿ ಆಚೆ ದಡದಲ್ಲಿ ನೀರು ಕೊಡವುತ್ತಿತ್ತು.

ಮೇಡಂ ಕಾಗದದ ಮೇಲೆ ಏನೋ ಗುರುತು ಹಾಕಲು ಹೊರಟರು. ಅದೇ ಹೊತ್ತಿಗೆ ಆಚೆ ದಡದಲ್ಲಿ ಒಬ್ಬ ಹೆಂಗಸು ಮಗುವನ್ನು ಎತ್ತಿಕೊಂಡು ಓಡಿ ಬಂದಳು. ನಾಲ್ಕು ವರ್ಷದ ಹುಡುಗಿ, ಕತ್ತು ಹಿಂದಕ್ಕೆ ವಾಲಿತ್ತು, ಕೈಕಾಲು ಸೆಟೆದು ಅದುರುತ್ತಿದ್ದವು. ನರ್ಸಮ್ಮ ಮಗುವಿನ ಹಣೆ ಮುಟ್ಟಿ, ಒಂದು ಮಾತೂ ಆಡದೆ ತಾಯಿ ಮಗು ಇಬ್ಬರನ್ನೂ ಹಿಂದೆ ಹತ್ತಿಸಿಕೊಂಡು ಗಾಡಿ ತಿರುಗಿಸಿದರು. ಈಚೆ ದಡದ ಹೋ ನಿಂತಿತು.

ಈ ಸಲ ಭಾರ ಹೆಚ್ಚು. ಗಾಡಿ ಇನ್ನಷ್ಟು ಆಳಕ್ಕೆ ಕೂತು, ಕಲ್ಲಿನ ಮೇಲೆ ಹಾರಿ, ವಾಲಿ ಬರುತ್ತಿತ್ತು. ಎಲ್ಲರೂ ಮಗುವನ್ನು ನೋಡುತ್ತಿದ್ದರು. ಗೊತ್ತಪ್ಪನೊಬ್ಬನೇ ಕೊಳವೆಯನ್ನು ನೋಡುತ್ತಿದ್ದ. ಬ್ಯಾಂಡೇಜು ಒದ್ದೆಯಾಗಿ ಸಡಿಲಿತ್ತು. ಒಂದು ಕಲ್ಲಿಗೆ ಗಾಡಿ ಎಗರಿದಾಗ ಗಂಟು ಬಿಚ್ಚಿತು. ಕೊಳವೆಯ ತುದಿ ಹ್ಯಾಂಡಲ್ಲಿನಿಂದ ಜಾರಿ, ನೀರಿಗೆ ಒಂದು ಗೇಣು ಮೇಲೆ ತೂಗಾಡತೊಡಗಿತು. ಮುಂದೆ ನಡುಮಧ್ಯ.

"ಕೊಳವೆ!" ಎಂದು ಕಿರುಚಿದ. ಯಾರಿಗೂ ಅರ್ಥವಾಗಲಿಲ್ಲ. ಅರ್ಥ ಹೇಳಲು ಪುರುಸೊತ್ತಿರಲಿಲ್ಲ. ಅವನು ಆಫೀಸಿನ ಬೂಟು, ಇಸ್ತ್ರಿ ಪ್ಯಾಂಟು ಸಮೇತ ಹೊಳೆಗೆ ಧುಮುಕಿದ.

"ಅವರಿಗೆ ಏನಾಯ್ತು?" ಎಂದರು ಮೇಡಂ.

ಗೊತ್ತಪ್ಪ ನೀರು ಸೀಳುತ್ತಾ ಓಡಿ, ತೂಗಾಡುತ್ತಿದ್ದ ತುದಿಯನ್ನು ಹಿಡಿದು ತಲೆಯ ಮೇಲೆತ್ತಿದ. ಇನ್ನೊಂದು ಕೈಯಲ್ಲಿ ಹಿಂದಿನ ಕ್ಯಾರಿಯರ್ ಹಿಡಿದ. "ನಿಲ್ಲಿಸಬೇಡಿ ಸಿಸ್ಟರ್! ಹೋಗ್ತಾ ಇರಿ!" ನಾಲ್ಕನೇ ಹೆಜ್ಜೆಗೆ ಪಾಚಿಗಲ್ಲು ಸಿಕ್ಕಿ ಕಾಲು ಜಾರಿತು. ಮನುಷ್ಯ ಪೂರ್ತಿ ಮುಳುಗಿದ. ಕೊಳವೆ ಹಿಡಿದ ಮುಷ್ಟಿಯೊಂದು ಮಾತ್ರ ನೀರಿನ ಮೇಲೆ ನೆಟ್ಟಗೆ ನಿಂತು ಗಾಡಿಯ ಜೊತೆ ಸಾಗಿತು. ಇಂಜಿನ್ ಕೆಮ್ಮಲಿಲ್ಲ.

"ಪ್ರತಿ ಸಲ ಹೀಗೆ ಒಬ್ಬರು ಮುಳುಗಬೇಕಾಗುತ್ತಾ?" ಎಂದು ಮೇಡಂ ಕೇಳಿದರು.

"ಸದ್ಯಕ್ಕೆ ಹೌದು ಮೇಡಂ," ಎಂದು ಡಾಕ್ಟರು ಹೇಳಿದವರೇ ಮಗುವಿನ ಕಡೆ ಓಡಿದರು.

ಗಾಡಿ ದಡ ಹತ್ತಿ ನಿಲ್ಲದೆ ಆಸ್ಪತ್ರೆಯ ಕಡೆ ಹೋಯಿತು. ದಡದ ಅಂಚಿನಲ್ಲಿ, ಮೊಣಕಾಲು ನೀರಿನಲ್ಲಿ, ಗೊತ್ತಪ್ಪ ಒಂದು ಕೈ ಆಕಾಶಕ್ಕೆ ಎತ್ತಿಕೊಂಡು ಏದುಸಿರು ಬಿಡುತ್ತಾ ನಿಂತಿದ್ದ. ಭಾವ ಪ್ಯಾಂಟು ಮಡಿಚಿಕೊಂಡು ನೀರಿಗಿಳಿದು ಅವನ ತೋಳು ಹಿಡಿದ. ಮಧ್ಯದಲ್ಲಿ ತಂಗಿ ಇರಲಿಲ್ಲ.

"ಕೈ ಇಳಿಸಪ್ಪ. ಗಾಡಿ ಹೋಗಿ ಎಷ್ಟೊತ್ತಾಯ್ತು."

ಮೇಡಂ ಹಲಗೆ ಹಿಡಿದು ಬಂದರು. "ಈ ಉಪಾಯ ಕಂಡುಹಿಡಿದವರು ನೀವೇ ಅಲ್ವಾ? ಇನ್ನೂ ಏಳು ಕೇಂದ್ರಗಳಲ್ಲಿ ಇಂಥದೇ ಗಾಡಿಗಳು ನೀರಲ್ಲಿ ನಿಲ್ಲುತ್ತಿವೆ."

"ಅಲ್ಲ ಮೇಡಂ," ಎಂದ ಗೊತ್ತಪ್ಪ, ಮೂಗಿನಿಂದ ನೀರು ಸೋರುತ್ತಿದ್ದಂತೆಯೇ. "ಇವರು. ನಮ್ಮ ಭಾವ." ಅಷ್ಟು ಹೇಳಿ ಅವನು ಆಸ್ಪತ್ರೆಯ ಕಡೆ ಓಡಿದ. ಏಳು ಗಾಡಿಗಳ ಮಾತಿಗೆ ನಿಂತವನು ಭಾವ.

ವಾರ್ಡಿನಲ್ಲಿ ಮಗುವಿನ ಅದುರು ನಿಂತಿತ್ತು. ಜ್ವರ ನೆತ್ತಿಗೇರಿ ಹಾಗಾಗಿತ್ತು, ಸಕಾಲಕ್ಕೆ ಬಂದಿದ್ದರಿಂದ ಇನ್ನು ಭಯವಿಲ್ಲ ಎಂದು ಡಾಕ್ಟರು ಹೇಳಿ ಕೈ ತೊಳೆಯಲು ಹೋದರು. ನರ್ಸಮ್ಮ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದರು. ಹುಡುಗಿ ಕಣ್ಣು ಬಿಟ್ಟು ಫ್ಯಾನು ನೋಡುತ್ತಿದ್ದಳು. ಗೊತ್ತಪ್ಪ ಬಾಗಿಲಲ್ಲಿ ನಿಂತ. ಒಳಗೆ ಹೋಗುವ ಧೈರ್ಯ ಬರಲಿಲ್ಲ.

ತಾಯಿ ಎದ್ದು ಬಂದಳು. "ನೀವು ಇಲ್ಲಿ ಕೆಲಸ ಮಾಡೋರಾ?"

"ಹೌದಮ್ಮಾ. ಸ್ಟೋರ್ ಗುಮಾಸ್ತ."

"ಹಾಗಾದ್ರೆ ಒಂದು ಒಣ ಟವಲ್ ಕೊಡ್ತೀರಾ?"

ಅವನು ಸ್ಟೋರಿಗೆ ಓಡಿ, ಇದ್ದವುಗಳಲ್ಲಿ ದಪ್ಪನೆಯದನ್ನು ಆರಿಸಿ, ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟ. ಅವಳು ಅದನ್ನು ಬಿಡಿಸಿ ಅವನ ಹೆಗಲ ಮೇಲೆ ಹೊದಿಸಿದಳು.

"ನಿಮಗೇ ಅಣ್ಣ. ಒರೆಸ್ಕೊಳ್ಳಿ. ಆಗಿಂದ ನಡುಗ್ತಾ ಇದ್ದೀರಿ."

ಗೊತ್ತಪ್ಪ ಬೆಂಚಿನ ಮೇಲೆ ಕೂತು ಟವಲಿನಲ್ಲಿ ಮುಖ ಮುಚ್ಚಿಕೊಂಡ, ಬಹಳ ಹೊತ್ತು ತೆಗೆಯಲೇ ಇಲ್ಲ.